ಹತ್ತು ಗ್ರಾಂ ಎಲ್ಲಿ ಉಳಿಯಬೇಕು?

ಪಿಟೀಲಿನ ಕಮಾನು ಸುಮಾರು 60 ಗ್ರಾಂ ತೂಗುತ್ತದೆ, ವಯೋಲಾದ್ದು ಸುಮಾರು 70. ಎರಡನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟರೆ ಈ ವಾದ್ಯಗಳ ಒಡನಾಟವಿಲ್ಲದವರಿಗೆ ಯಾವುದು ಯಾವುದೆಂದು ಗುರುತಿಸುವುದು ಕಷ್ಟ. ಎರಡರಲ್ಲೂ ಕೆಂಗಂದು ಬಣ್ಣದ ತೆಳ್ಳನೆಯ ಕಡ್ಡಿ, ಅದರ ಮೈ ಕೂದಲಿನ ಕಡೆಗೆ ಬಾಗಿದೆ. ಎರಡಕ್ಕೂ ಕುದುರೆ ಬಾಲದ ಬೆಳ್ಳನೆಯ ಕೂದಲು, ಹಿಡಿಯುವ ತುದಿಯಲ್ಲಿ ಬೆಳ್ಳಿ ಕಟ್ಟಿದ ಕರಿಮರದ ತುಂಡು. ಉದ್ದವೂ ಹೆಚ್ಚುಕಡಿಮೆ ಒಂದೇ, 74 ಸೆಂಟಿಮೀಟರಿನ ಆಸುಪಾಸು. ಇರುವ ವ್ಯತ್ಯಾಸವೆಲ್ಲ ಆ ಹತ್ತು ಗ್ರಾಂನಲ್ಲೇ ಅಡಗಿದೆ.

ಕಮಾನು ಮಾಡುವವನು ತೂಕವನ್ನು ಸೇರಿಸುವವನಲ್ಲ, ಕಳೆಯುವವನು. ಚೌಕನೆಯ ಒಂದು ರೀಪನ್ನು ಮುಂದಿಟ್ಟುಕೊಂಡು ಬೇಡದ ಮರವನ್ನು ಹೆರೆಯುತ್ತಾ ಹೋಗುತ್ತಾನೆ. ಆದ್ದರಿಂದ ವಯೋಲಾದ ಕಮಾನು ಮಾಡಲು ಕೂತವನ ಮುಂದಿರುವ ಪ್ರಶ್ನೆ ಹತ್ತು ಗ್ರಾಂ ಎಲ್ಲಿ ಹಾಕಬೇಕೆಂಬುದಲ್ಲ, ಎಲ್ಲಿ ಉಳಿಸಬೇಕೆಂಬುದು. ತಲೆಯಲ್ಲಿ ಉಳಿಸಿದರೆ ಕಮಾನು ಮುಂದಕ್ಕೆ ಜಗ್ಗುತ್ತದೆ. ಹಿಡಿಯಲ್ಲಿ ಉಳಿಸಿದರೆ ತುದಿಯಲ್ಲಿ ನಾದ ಸೊರಗುತ್ತದೆ. ನಡುವಿನಲ್ಲಿ ಉಳಿಸಿದರೆ ಕಡ್ಡಿ ಬಿರುಸಾಗಿ, ತಂತಿಯ ಮೇಲೆ ಅದರ ಜಿಗಿತ ಮಂಕಾಗುತ್ತದೆ. ಪ್ಯಾರಿಸ್ಸಿನಲ್ಲೂ ಪೂರ್ವ ಫ್ರಾನ್ಸಿನ ಮಿರ್‌ಕೂರ್ ಎಂಬ ಪುಟ್ಟ ಊರಿನಲ್ಲೂ ಕೆಲವು ಮನೆತನಗಳು ನೂರೈವತ್ತು ವರ್ಷಗಳ ಕಾಲ ಈ ಪ್ರಶ್ನೆಗೆ ಉತ್ತರ ಹುಡುಕಿದವು. ಅವರ ಕೈಯಲ್ಲಿ ಹುಟ್ಟಿದ ಹಳೆಯ ವಯೋಲಾ ಕಮಾನುಗಳನ್ನು ಇಂದಿಗೂ ಜಗತ್ತಿನ ದೊಡ್ಡ ವಾದಕರು ಹುಡುಕಿಕೊಂಡು ಹೋಗುತ್ತಾರೆ. ಹುಡುಕಿದರೂ ಸಿಗುವುದು ಕಡಿಮೆ. ಏಕೆ ಕಡಿಮೆ ಎಂಬುದಕ್ಕೆ ಉತ್ತರ ಮರಗೆಲಸದಲ್ಲಿಲ್ಲ, ವಯೋಲಾದ ಇತಿಹಾಸದಲ್ಲಿದೆ.

ಮೈ ಸಾಲದ ವಾದ್ಯ

ವಯೋಲಾ ಪಿಟೀಲಿನ ಅಕ್ಕ. ಪಿಟೀಲಿಗಿಂತ ಒಂದು ಪಂಚಮದಷ್ಟು ಕೆಳಗೆ ಶ್ರುತಿ ಮಾಡುವ ನಾಲ್ಕು ತಂತಿಗಳು ಅದಕ್ಕಿವೆ. ಲೆಕ್ಕದ ಪ್ರಕಾರ, ಪಂಚಮ ಕೆಳಗಿಳಿಯಬೇಕಾದರೆ ಒಡಲು ಒಂದೂವರೆ ಪಟ್ಟು ದೊಡ್ಡದಾಗಬೇಕು. ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್. ಆ ಲೆಕ್ಕದಲ್ಲಿ ವಯೋಲಾ 53 ಸೆಂಟಿಮೀಟರ್ ಇರಬೇಕಿತ್ತು. ಅಷ್ಟು ಉದ್ದದ್ದನ್ನು ಗದ್ದದ ಕೆಳಗೆ ಹಿಡಿದು ನುಡಿಸುವ ತೋಳು ಮನುಷ್ಯರಿಗಿಲ್ಲ. ಹಾಗಾಗಿ 40ರಿಂದ 42 ಸೆಂಟಿಮೀಟರಿನ ಒಡಲಿನಲ್ಲೇ ಆ ಮಂದ್ರವನ್ನು ಹೊರಡಿಸಬೇಕು. ಇದಕ್ಕಾಗಿ ತಂತಿಗಳನ್ನು ದಪ್ಪ ಮಾಡುತ್ತಾರೆ. ದಪ್ಪ ತಂತಿ ತಡವಾಗಿ ಬಾಯಿ ಬಿಡುತ್ತದೆ. ವಯೋಲಾದ ಧ್ವನಿಗಿರುವ ಆ ಗಂಭೀರವಾದ, ಸ್ವಲ್ಪ ಕಟ್ಟಿದ ಗಂಟಲಿನ ಗುಣ ಹುಟ್ಟುವುದು ಈ ರಾಜಿಯಿಂದಲೇ. ನಾನು ಈ ಧ್ವನಿಯನ್ನು ಪಿಟೀಲಿನದಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ. ಹೇಳಲೋ ಬೇಡವೋ ಎಂದು ಒಂದು ಕ್ಷಣ ತಡೆದು ಹೇಳಿದ ಮಾತಿನ ತೂಕ ಅದಕ್ಕಿದೆ.

ಕಮಾನಿನ ಕೂದಲಿಗೆ ರಾಳ ಹಚ್ಚಿದಾಗ ಅದು ತಂತಿಯನ್ನು ಹಿಡಿದು ಎಳೆಯುತ್ತದೆ. ಎಳೆತ ಮಿತಿ ಮೀರಿದಾಗ ತಂತಿ ಜಾರಿ ಹಿಂದಕ್ಕೆ ಓಡುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಈ ಹಿಡಿ-ಬಿಡು ಆಟವನ್ನು ವಿವರಿಸಿದವನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್, 1860ರ ದಶಕದಲ್ಲಿ. ವಯೋಲಾದ ಮೇಲಿನ ತಂತಿಯಲ್ಲಿ ಇದು ಸೆಕೆಂಡಿಗೆ 440 ಸಲ ನಡೆಯುತ್ತದೆ, ಕೆಳಗಿನ ತಂತಿಯಲ್ಲಿ ಸುಮಾರು 131 ಸಲ. ಆ ದಪ್ಪ ತಂತಿಯನ್ನು ಪ್ರತಿ ಸಲವೂ ಗಟ್ಟಿಯಾಗಿ ಹಿಡಿಯಬೇಕಾದರೆ ಕೂದಲಿನ ಪಟ್ಟಿ ಅಗಲವಾಗಿರಬೇಕು, ಅದರ ಬೆನ್ನಿಗಿರುವ ಕಡ್ಡಿಗೆ ಹೆಚ್ಚಿನ ಕಸುವಿರಬೇಕು. ಆ ಕಸುವನ್ನು ವಾದಕನೇ ತೋರುಬೆರಳಿನಿಂದ ಒತ್ತಿ ತರಬಹುದು. ಆದರೆ ಒತ್ತಿ ತಂದ ನಾದ ಕರ್ಕಶ. ಕಮಾನಿನ ಸ್ವಂತ ತೂಕವೇ ತಂತಿಯ ಮೇಲೆ ಕೂತು ಕೆಲಸ ಮಾಡಿದರೆ ನಾದ ಬಿಚ್ಚಿಕೊಳ್ಳುತ್ತದೆ. ಹತ್ತು ಗ್ರಾಂ ಬೇಕಾಗಿರುವುದು ಇದಕ್ಕೆ.

ಗಡಿಯಾರದ ಅಂಗಡಿಯಿಂದ ಬಂದವನು

ಇಂದು ಬೆಂಗಳೂರಿನಿಂದ ಬರ್ಲಿನ್‌ವರೆಗೆ ನಾವು ನೋಡುವ ಕಮಾನಿನ ಆಕಾರ ಹದಿನೆಂಟನೇ ಶತಮಾನದ ಕೊನೆಯಲ್ಲಿ ನೆಲೆಗೊಂಡದ್ದು. ಅದಕ್ಕೆ ಮೊದಲಿನ ಕಮಾನುಗಳು ಹೊರಗೆ ಉಬ್ಬಿದ್ದವು ಅಥವಾ ನೆಟ್ಟಗಿದ್ದವು, ಗಿಡ್ಡವಾಗಿದ್ದವು, ಹಗುರವಾಗಿದ್ದವು. ಕುಣಿತದ ಲಯಕ್ಕೆ, ಸಣ್ಣ ಸಣ್ಣ ನುಡಿಗಳಿಗೆ ಅವು ಹೇಳಿ ಮಾಡಿಸಿದಂತಿದ್ದವು. ಸಂಗೀತ ಅರಮನೆಯ ಕೋಣೆ ಬಿಟ್ಟು ದೊಡ್ಡ ಸಭಾಂಗಣಕ್ಕೆ ಬಂದಾಗ ಬೇರೆಯೇ ಬೇಡಿಕೆ ಹುಟ್ಟಿತು. ಉದ್ದನೆಯ ಎಳೆ ಬೇಕು, ತುದಿಯಿಂದ ಬುಡದವರೆಗೆ ಒಂದೇ ಸಮನಾದ ನಾದ ಬೇಕು, ಬೇಕೆಂದಾಗ ಕಮಾನು ತಂತಿಯ ಮೇಲೆ ಪುಟಿಯಬೇಕು. ಬೇರೆ ಬೇರೆ ಊರುಗಳಲ್ಲಿ ಹಲವರು ಇದಕ್ಕೆ ದಾರಿ ಹುಡುಕುತ್ತಿದ್ದರು. ಲಂಡನ್ನಿನಲ್ಲಿ ಜಾನ್ ಡಾಡ್ ಅಂಥವನೊಬ್ಬ. ಆದರೆ ಉತ್ತರವನ್ನು ಪೂರ್ತಿ ಮಾಡಿದ ಕೀರ್ತಿ ಪ್ಯಾರಿಸ್ಸಿನ ಫ್ರಾನ್ಸ್ವಾ ಜೇವಿಯರ್ ಟೂರ್ಟ್‌ಗೆ ಸಲ್ಲುತ್ತದೆ.

ಟೂರ್ಟ್ 1747ರ ಸುಮಾರಿಗೆ ಹುಟ್ಟಿದ. ಅಪ್ಪ ಕಮಾನು ಮಾಡುತ್ತಿದ್ದ, ಅಣ್ಣನೂ ಅದೇ ಕಸುಬಿನವನು. ಈ ಹುಡುಗನನ್ನು ಮಾತ್ರ ಗಡಿಯಾರದ ಕೆಲಸಕ್ಕೆ ಹಾಕಿದರು. ಎಂಟು ವರ್ಷ ಅಲ್ಲಿ ದುಡಿದು ಅವನು ಮನೆಯ ಕಸುಬಿಗೆ ಮರಳಿದ. ಓದು ಬರಹ ಅವನಿಗೆ ಬರುತ್ತಿರಲಿಲ್ಲ ಎಂದು ಸಂಗೀತ ಇತಿಹಾಸಕಾರ ಫೆಟಿಸ್ 1856ರಲ್ಲಿ ಬರೆದ. ಸಕ್ಕರೆ ಪೀಪಾಯಿಯ ಹಲಗೆಗಳನ್ನು ಹೆರೆದು ಕೈ ಪಳಗಿಸಿಕೊಂಡ ಎಂದೂ ಫೆಟಿಸ್ ಹೇಳುತ್ತಾನೆ. 1782ರಲ್ಲಿ ಪ್ಯಾರಿಸ್ಸಿಗೆ ಬಂದ ಇಟಲಿಯ ಪಿಟೀಲು ವಾದಕ ವಿಯೊಟ್ಟಿಯ ಸಲಹೆ ಅವನಿಗೆ ಸಿಕ್ಕಿತೆಂಬ ನಂಬಿಕೆಯಿದೆ. ಮುಂದಿನ ಹತ್ತು ವರ್ಷಗಳೊಳಗೆ ಕಮಾನಿಗೆ ಅದರ ಇಂದಿನ ರೂಪ ಬಂದಿತು. ಉದ್ದ ಗೊತ್ತಾಯಿತು. ಬಾಗು ಒಳಮುಖವಾಯಿತು. ಕೂದಲು ಹಗ್ಗದಂತೆ ಗುಂಪಾಗದೆ ಪಟ್ಟಿಯಂತೆ ಹರಡಿರಲೆಂದು ಫ್ರಾಗ್‌ನ ಬಾಯಿಗೆ ಲೋಹದ ಉಂಗುರ ಬಂತು. ಕರಿಮರದ ಆ ಹಿಡಿ ತುಂಡನ್ನು ವಾದಕರೆಲ್ಲ ಫ್ರಾಗ್ ಎಂದೇ ಕರೆಯುತ್ತಾರೆ. ತಿರುಪು ತಿರುಗಿಸಿದರೆ ಅದು ಹಿಂದಕ್ಕೆ ಸರಿದು ಕೂದಲು ಬಿಗಿಯಾಗುತ್ತದೆ.

ಟೂರ್ಟ್‌ನ ಕಡ್ಡಿಗಳನ್ನು ಮುಂದೆ ಅಳೆದು ನೋಡಿದವನು ಪಿಟೀಲು ತಯಾರಕ ಜಾನ್ ಬಾಟಿಸ್ಟ್ ವಿಯೋಮ್. ಅವನಿಗೆ ಕಂಡದ್ದು ಇದು: ಹಿಡಿಯ ಕಡೆಯ ಮೊದಲ 11 ಸೆಂಟಿಮೀಟರ್ ಒಂದೇ ದಪ್ಪ, 8.6 ಮಿಲಿಮೀಟರ್. ಅಲ್ಲಿಂದ ತಲೆಯವರೆಗೆ ಅದು 5.3 ಮಿಲಿಮೀಟರಿಗೆ ಇಳಿಯುತ್ತದೆ. ಇಳಿಯುವುದು ಒಂದೇ ಸಮನೆ ಅಲ್ಲ. 0.3 ಮಿಲಿಮೀಟರ್ ಕಡಿಮೆಯಾಗಲು ಮೊದಲು ಹೆಚ್ಚು ದೂರ ಬೇಕು, ತಲೆ ಹತ್ತಿರವಾದಂತೆ ಆ ದೂರ ಕಿರಿದಾಗುತ್ತಾ ಹೋಗುತ್ತದೆ. ಆ ದೂರಗಳಲ್ಲಿ ವಿಯೋಮ್ ಒಂದು ಗುಣೋತ್ತರ ಶ್ರೇಢಿಯನ್ನು ಕಂಡ. ಅಕ್ಷರ ಬಾರದ ಮನುಷ್ಯ ಅದನ್ನು ಲೆಕ್ಕ ಹಾಕಿ ಮಾಡಿರಲಾರ. ಬೆರಳ ನಡುವೆ ಕಡ್ಡಿಯನ್ನು ಬಗ್ಗಿಸಿ, ಅದು ಎಲ್ಲಿ ಮಣಿಯುತ್ತದೆ, ಎಲ್ಲಿ ಮಣಿಯುವುದಿಲ್ಲ ಎಂದು ಕೈಯಲ್ಲೇ ಓದಿ ಅಲ್ಲಿಗೆ ತಲುಪಿದ್ದಾನೆ. ತನ್ನ ಕಮಾನುಗಳ ಮೇಲೆ ಅವನು ಹೆಸರನ್ನೂ ಒತ್ತುತ್ತಿರಲಿಲ್ಲ. 77ನೆಯ ವಯಸ್ಸಿನಲ್ಲಿ, 1824ರಲ್ಲಿ ಮಾಡಿದ್ದೆಂದು ಹೇಳುವ ಒಂದು ಚೀಟಿ ಅವನ ಕಮಾನೊಂದರಲ್ಲಿ ಸಿಕ್ಕಿದೆ. ಅವನ ಹುಟ್ಟಿದ ವರ್ಷ ನಮಗೆ ತಿಳಿದಿರುವುದಕ್ಕೆ ಆ ಚೀಟಿಯೂ ಒಂದು ಆಧಾರ. ಮುದಿತನದಲ್ಲಿ ಕಣ್ಣು ಮಂಜಾದ ಮೇಲೆ ಸೇನ್ ನದಿಯ ದಡದಲ್ಲಿ ಮೀನು ಹಿಡಿಯುತ್ತಾ ಕಾಲ ಕಳೆದ. ಸತ್ತದ್ದು 1835ರಲ್ಲಿ.

ಮರ, ಬೆಂಕಿ, ಬೆರಳು

ಒಳಬಾಗಿನಲ್ಲೇ ಇಡೀ ವಿದ್ಯೆ ಇದೆ. ಹೊರಗೆ ಉಬ್ಬಿದ ಕಮಾನಿನ ಕೂದಲನ್ನು ಬಿಗಿ ಮಾಡಿದರೆ ಕಡ್ಡಿ ಇನ್ನಷ್ಟು ಉಬ್ಬುತ್ತದೆ, ತಂತಿಯ ಮೇಲೆ ಒತ್ತಿದಾಗ ಕೂದಲು ಸಡಿಲಾಗುತ್ತದೆ. ಒಳಗೆ ಬಾಗಿದ ಕಡ್ಡಿ ಬಿಗಿ ಮಾಡಿದಾಗ ನೆಟ್ಟಗಾಗಲು ನೋಡುತ್ತದೆ, ತನ್ನ ಹಳೆಯ ಬಾಗಿಗೆ ಮರಳಬೇಕೆಂದು ಪ್ರತಿಕ್ಷಣವೂ ಎಳೆಯುತ್ತಿರುತ್ತದೆ. ವಾದಕನ ಕೈಗೆ ಜೀವ ಎಂದು ತೋರುವುದು ಆ ಎಳೆತವೇ.

ಬಾಗನ್ನು ಕೆತ್ತಿ ಪಡೆಯಬಾರದು. ಬಾಗಿದ ಆಕಾರಕ್ಕೆ ಮರವನ್ನು ಕೊಯ್ದರೆ ನಾರುಗಳು ಅಡ್ಡಡ್ಡ ತುಂಡಾಗಿ, ಒಂದು ದಿನ ಕಡ್ಡಿ ಅಲ್ಲಿಯೇ ಮುರಿಯುತ್ತದೆ. ನಾರು ತುದಿಯಿಂದ ಬುಡದವರೆಗೆ ತುಂಡಾಗದೆ ಓಡಬೇಕು. ಆದ್ದರಿಂದ ನೆಟ್ಟನೆಯ ಕಡ್ಡಿಯನ್ನು ಮೊದಲು ಎಂಟು ಪಟ್ಟಿಯಾಗಿ ಹೆರೆದು, ಇದ್ದಿಲಿನ ಕೆಂಡದ ಮೇಲೋ ಸ್ಪಿರಿಟ್ ದೀಪದ ಮೇಲೋ ಒಂದೊಂದೇ ಅಂಗುಲ ಕಾಯಿಸುತ್ತಾ ಬಗ್ಗಿಸುತ್ತಾರೆ. ಕಾವು ತಿರುಳಿನವರೆಗೆ ಇಳಿಯಬೇಕು. ಮೇಲ್ಮೈ ಮಾತ್ರ ಬಿಸಿಯಾಗಿದ್ದರೆ ಬಾಗು ಕೆಲವು ತಿಂಗಳಲ್ಲೇ ಬಿಚ್ಚಿಹೋಗುತ್ತದೆ. ಹೆಚ್ಚು ಕಾಯಿಸಿದರೆ ಮರ ಸುಟ್ಟು, ಅದರ ಪುಟಿತ ಸತ್ತೇಹೋಗುತ್ತದೆ. ಬೆರಳಿಗೆ ತಡೆಯಲಾರದಷ್ಟು ಬಿಸಿಯಾದ ಕಡ್ಡಿಯನ್ನು ಬೆಂಚಿನ ಅಂಚಿಗೆ ಒತ್ತಿ ಬಗ್ಗಿಸಿ ಆರುವವರೆಗೆ ಹಿಡಿಯುವುದು, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡುವುದು, ಮತ್ತೆ ಕಾಯಿಸುವುದು. ಆಮೇಲೆ ಮತ್ತೆ ಹೆರೆಯಬೇಕು. ಹೆರೆದಾಗ ಬಾಗು ಬದಲಾಗುತ್ತದೆ, ಬಾಗು ಬದಲಾದರೆ ಇನ್ನೆಲ್ಲಿ ಹೆರೆಯಬೇಕೆಂಬುದೂ ಬದಲಾಗುತ್ತದೆ. ಬೆಂಕಿಗೂ ಉಜ್ಜುಗೊರಡಿಗೂ ನಡುವೆ ಕಡ್ಡಿ ಹಲವು ಸಲ ಓಡಾಡುತ್ತದೆ. ಕೆಲವನ್ನು ಎಂಟು ಪಟ್ಟಿಯಾಗಿಯೇ ಉಳಿಸುತ್ತಾರೆ, ಹೆಚ್ಚಿನವನ್ನು ಉರುಟು ಮಾಡುತ್ತಾರೆ.

ವಯೋಲಾದ ಹತ್ತು ಗ್ರಾಂ ನಿರ್ಧಾರವಾಗುವುದು ಈ ಹಂತದಲ್ಲಿ. ತೆಂಗಿನಕಾಯಿ ಕೀಳುವ ದೋಟಿಯನ್ನು ಹಿಡಿದವರಿಗೆ ಇದು ಬೇಗ ಅರ್ಥವಾದೀತು: ಇಡೀ ದೋಟಿಯ ತೂಕಕ್ಕಿಂತ ತುದಿಯ ಕತ್ತಿಯ ತೂಕವೇ ತೋಳನ್ನು ದಣಿಸುತ್ತದೆ. ಕಮಾನಿನ ತಲೆಯಲ್ಲಿ ಉಳಿದ ಒಂದು ಗ್ರಾಂ ಹಿಡಿಯಲ್ಲಿ ಉಳಿದ ಮೂರು ನಾಲ್ಕು ಗ್ರಾಂಗಿಂತ ಭಾರವೆನಿಸುತ್ತದೆ. ಒಳ್ಳೆಯ ವಯೋಲಾ ಕಮಾನಿನಲ್ಲಿ ತಲೆ ಪಿಟೀಲಿನದಕ್ಕಿಂತ ಸ್ವಲ್ಪ ಎತ್ತರ, ಸ್ವಲ್ಪ ಅಗಲ. ಫ್ರಾಗ್ ಅಗಲ, ಬೆಳ್ಳಿಯ ಉಂಗುರವೂ ಅಗಲ, ಕೂದಲು ಹೆಚ್ಚು. ಉಳಿದ ತೂಕ ಕಡ್ಡಿಯ ಉದ್ದಕ್ಕೂ ಹಂಚಿಹೋಗಿರುತ್ತದೆ, ಬರಿಗಣ್ಣಿಗೆ ಕಾಣದ ದಪ್ಪದಲ್ಲಿ. ಒಂದೇ ತೂಕದ ಎರಡು ಕಮಾನುಗಳಲ್ಲಿ ಒಂದು ಕೈಯಲ್ಲಿ ಇಲ್ಲದಂತೆ ಹಗುರವಾಗಿ, ಇನ್ನೊಂದು ಹೊರೆಯಾಗಿ ಅನಿಸುವುದು ಈ ಹಂಚಿಕೆಯಿಂದಾಗಿ. ತಕ್ಕಡಿ ಇದನ್ನು ಹೇಳಲಾರದು. ಕಮಾನು ಕೊಳ್ಳುವಾಗ ಬರೀ ತೂಕ ಕೇಳುವವರಿಗೆ ಅನುಭವಿಗಳು ಮೊದಲು ನುಡಿಸಿ ನೋಡಿ ಎನ್ನುವುದು ಅದಕ್ಕೇ.

ಫ್ರಾಗ್‌ನ ಹಿಂಬದಿಯ ಮೂಲೆ ಉರುಟಾಗಿದ್ದರೆ ಅದು ವಯೋಲಾದ್ದು, ಚೂಪಾಗಿದ್ದರೆ ಪಿಟೀಲಿನದು ಎಂಬ ಮಾತು ಇಂದಿನ ಕಮಾನುಗಳ ಮಟ್ಟಿಗೆ ಬಹುಪಾಲು ನಿಜ. ಹಳೆಯ ಫ್ರೆಂಚ್ ಕಮಾನುಗಳ ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಚೂಪು ಮೂಲೆಯ ವಯೋಲಾ ಕಮಾನುಗಳೂ ಇವೆ. ತಲೆಯ ಗಾತ್ರ, ಕಡ್ಡಿಯ ದಪ್ಪ, ಫ್ರಾಗ್‌ನ ಅಗಲ ಮೂರನ್ನೂ ಕೂಡಿಸಿ ನೋಡಿದ ಮೇಲಷ್ಟೇ ತೀರ್ಪು ಹೇಳಬಹುದು.

ಇನ್ನು ಮರ. ಟೂರ್ಟ್‌ನ ಕಾಲದಿಂದ ಇಂದಿನವರೆಗೆ ಉತ್ತಮ ಕಮಾನಿಗೆ ಬ್ರೆಜಿಲ್ಲಿನ ಪರ್ನಾಂಬುಕೊ ಮರವನ್ನು ಮೀರಿಸಿದ್ದು ಇನ್ನೊಂದಿಲ್ಲ. ಒಳ್ಳೆಯ ತುಂಡು ನೀರಿನಲ್ಲಿ ಮುಳುಗುವಷ್ಟು ಗಟ್ಟಿ, ಆದರೂ ಬಳುಕುತ್ತದೆ. ಕಾಯಿಸಿ ಕೊಟ್ಟ ಬಾಗನ್ನು ಎರಡು ಶತಮಾನ ಹಿಡಿದಿಟ್ಟುಕೊಳ್ಳುತ್ತದೆ. ಅದರ ಉದ್ದಕ್ಕೆ ಶಬ್ದ ಸೆಕೆಂಡಿಗೆ ಐದಾರು ಸಾವಿರ ಮೀಟರ್ ವೇಗದಲ್ಲಿ ಓಡುತ್ತದೆ. ಇಟಲಿಯ ಕ್ರೆಮೋನಾದ ಕಮಾನು ತಯಾರಕ ಜೊವಾನಿ ಲುಕ್ಕಿ ಈ ವೇಗ ಅಳೆಯಲೆಂದೇ ಒಂದು ಉಪಕರಣ ರೂಪಿಸಿದ. ಯುರೋಪಿನವರು ಈ ಮರವನ್ನು ಹಡಗುಗಟ್ಟಲೆ ತಂದದ್ದು ಸಂಗೀತಕ್ಕಲ್ಲ, ಬಟ್ಟೆಗೆ ಕೆಂಪು ಬಣ್ಣ ಹಾಕಲು. ಬಣ್ಣಕ್ಕೆ ಬಂದ ದಿಮ್ಮಿಗಳ ರಾಶಿಯಲ್ಲಿ ಟೂರ್ಟ್ ತನಗೆ ಬೇಕಾದ ನೇರ ನಾರಿನ ತುಂಡು ಹುಡುಕುತ್ತಿದ್ದ. ಟನ್ನುಗಟ್ಟಲೆ ಮರ ತಿರುವಿಹಾಕಿದರೆ ಕೆಲವೇ ತುಂಡುಗಳು ಒಪ್ಪಿಗೆಯಾಗುತ್ತಿದ್ದವು. ಆ ಮರದ ಬಣ್ಣದ ದ್ರವ್ಯಗಳೇ ಕಂಪನದ ಶಕ್ತಿ ಸೋರಿಹೋಗದಂತೆ ತಡೆಯುತ್ತವೆ ಎಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಬಟ್ಟೆಗೆ ಬಣ್ಣ ಕೊಟ್ಟ ಪದಾರ್ಥವೇ ಕಮಾನಿಗೆ ಜೀವ ಕೊಟ್ಟಿದೆ. ಅದು ಗೊತ್ತಿಲ್ಲದೆಯೇ ಟೂರ್ಟ್‌ನ ಕೈ ಸರಿಯಾದ ಮರವನ್ನು ಆರಿಸಿತ್ತು.

ಈ ಮರಕ್ಕೆ ನಮ್ಮ ಕಡೆಯೂ ಒಂದು ನಂಟಿದೆ. ಪೋರ್ಚುಗೀಸರು 1500ರಲ್ಲಿ ಬ್ರೆಜಿಲ್ ತಲುಪುವ ಮೊದಲು ಯುರೋಪಿಗೆ ಅಂಥದೇ ಕೆಂಪು ಬಣ್ಣ ಹೋಗುತ್ತಿದ್ದುದು ಏಷ್ಯಾದ ಸಪ್ಪಂಗ ಮರದಿಂದ. ಕೇರಳದ ಹೋಟೆಲುಗಳಲ್ಲಿ ಪತಿಮುಗಂ ಹಾಕಿ ಕುದಿಸಿದ ನಸುಗೆಂಪು ನೀರು ಕೊಡುತ್ತಾರಲ್ಲ, ಅದು ಇದೇ ಸಪ್ಪಂಗದ ಚಕ್ಕೆ. ಪರ್ನಾಂಬುಕೊ ಅದರ ದೂರದ ಬಂಧು.

ಮಿರ್‌ಕೂರ್‌ನಿಂದ ಪ್ಯಾರಿಸ್ಸಿಗೆ

ಟೂರ್ಟ್‌ನ ನಂತರದ ಕಥೆ ಬಹುಪಾಲು ಮಿರ್‌ಕೂರ್‌ನ ಮಕ್ಕಳದು. ವೋಜ್ ಸೀಮೆಯ ಈ ಊರಿನಲ್ಲಿ ಹೆಂಗಸರು ಲೇಸು ಹೆಣೆಯುತ್ತಿದ್ದರು, ಗಂಡಸರು ಪಿಟೀಲು, ಕಮಾನು ಮಾಡುತ್ತಿದ್ದರು. ಚುರುಕಾದ ಹುಡುಗರು ಪ್ಯಾರಿಸ್ಸಿಗೆ ಹೋಗುತ್ತಿದ್ದರು. ವಿಯೋಮ್ ತಾನೇ ಮಿರ್‌ಕೂರ್‌ನವನು, ಮಹಾ ವ್ಯವಹಾರಸ್ಥ. ಪೊಳ್ಳು ಉಕ್ಕಿನ ಕಮಾನನ್ನೂ ಮಾಡಿ ಮಾರಿದ. ಅವನ ಕಾರ್ಯಾಗಾರದಲ್ಲಿ ಬೇರೆಯವರು ಮಾಡಿದ ಕಮಾನುಗಳ ಮೇಲೆ ಬೀಳುತ್ತಿದ್ದ ಮುದ್ರೆ ಅವನ ಹೆಸರಿನದು. ಆ ಮುದ್ರೆಯ ಹಿಂದೆ ಯಾರ ಕೈ ಇತ್ತು ಎಂದು ಬಿಡಿಸುವುದೇ ಇಂದು ಪರಿಣತರ ಅರ್ಧ ಕೆಲಸ.

1826ರಲ್ಲಿ ವಿಯೋಮ್‌ನ ಬಳಿ ಕೆಲಸಕ್ಕೆ ಬಂದ ಡೊಮಿನಿಕ್ ಪೆಕಾತ್‌ಗೆ ಆಗ 16 ವರ್ಷ. ಟೂರ್ಟ್‌ನ ಬಳಿಕ ಎರಡನೆಯ ಹೆಸರು ಎಂದು ಹಲವರು ಹೇಳುವುದು ಅವನದನ್ನೇ. ಅವನ ಕಮಾನುಗಳ ತಲೆ ಕೊಡಲಿಯ ಅಲಗಿನಂತೆ ಖಡಕ್ಕು, ಕಡ್ಡಿ ಗಟ್ಟಿ. ವಯೋಲಾ ವಾದಕರಿಗೆ ಅದು ಹಿಡಿಸುವುದು ಸಹಜ. 1855ರಲ್ಲಿ ವಿಯೋಮ್‌ನ ಕಾರ್ಯಾಗಾರ ಸೇರಿದ ಫ್ರಾನ್ಸ್ವಾ ನಿಕೊಲಾ ವ್ವಾರೆನ್ ಬೇರೆ ದಾರಿ ಹಿಡಿದ. ಅವನು ಬಾಗನ್ನು ತಲೆಯ ಹತ್ತಿರಕ್ಕೆ ಸರಿಸಿದ, ತಲೆಯನ್ನು ಚಿಕ್ಕದು ಮಾಡಿ ಉರುಟಾಗಿಸಿದ, ಕಡ್ಡಿಯನ್ನು ತೆಳುವಾಗಿಸಿದ. ಬೆಂಕಿಯ ಕೆಲಸದಲ್ಲಿ ಅವನಷ್ಟು ನಯ ಬೇರೆಯವರಿಗೆ ಬರಲಿಲ್ಲ ಎನ್ನಬೇಕು. ಅಷ್ಟು ತೆಳು ಕಡ್ಡಿಯಲ್ಲಿ ಅಷ್ಟು ಕಸುವು ತುಂಬಿದ್ದು ಬಾಗಿನ ಜಾಗವನ್ನು ಬದಲಿಸಿದ್ದರಿಂದಲೇ. 1870ರಲ್ಲಿ ಸ್ವಂತ ಅಂಗಡಿ ತೆರೆದ. 1885ರಲ್ಲಿ, ಇನ್ನೂ 52 ತುಂಬುವ ಮೊದಲೇ ತೀರಿಕೊಂಡ.

ಅವನ ಬಳಿ ದುಡಿದ ಆಲ್ಫ್ರೆಡ್ ಲಾಮಿ ಗುರುವಿನ ನಯವನ್ನು ಉಳಿಸಿಕೊಂಡು ಕಡ್ಡಿಗೆ ಸ್ವಲ್ಪ ಮೈ ಕೂಡಿಸಿದ. ಲಾಮಿಯ ಬಳಿ ಕಲಿತ ಯುಜೀನ್ ಸಾರ್ಟೋರಿ ಇನ್ನೂ ಮುಂದೆ ಹೋದ. 1871ರಲ್ಲಿ ಮಿರ್‌ಕೂರ್‌ನಲ್ಲಿ ಹುಟ್ಟಿದ ಈತ 1889ರಲ್ಲೇ, ಹದಿನೆಂಟರ ಹುಡುಗನಾಗಿದ್ದಾಗ, ಪ್ಯಾರಿಸ್ಸಿನಲ್ಲಿ ಸ್ವಂತ ಅಂಗಡಿ ಹಾಕಿದ. ಅಷ್ಟರಲ್ಲಿ ಆರ್ಕೆಸ್ಟ್ರಾಗಳು ದೊಡ್ಡದಾಗಿದ್ದವು, ಸಭಾಂಗಣಗಳು ಇನ್ನೂ ದೊಡ್ಡದಾಗಿದ್ದವು. ಸಾರ್ಟೋರಿಯ ಕಮಾನು ಕೈಕೊಡುವುದಿಲ್ಲ, ಬಿರುಸಾಗಿ ಒತ್ತಿದರೂ ಕಡ್ಡಿ ಕೂದಲಿಗೆ ತಾಗುವುದಿಲ್ಲ ಎಂಬ ಭರವಸೆ ವಾದಕರಲ್ಲಿ ಬೆಳೆಯಿತು. ಜೂಲ್ ಫೆಟಿಕ್, ಲೂಯಿ ಜಿಲೆ ಅವರಂಥ ಸಮರ್ಥರು ಅವನ ಸಹಾಯಕರಾಗಿದ್ದರು. 1946ರಲ್ಲಿ ಅವನು ಸಾಯುವ ಹೊತ್ತಿಗೆ ಅವನ ಮಾದರಿಯೇ ಹೊಸಬರ ಪಾಠವಾಗಿತ್ತು. ಸೋಲೋ ಪಿಟೀಲಿಗೆ ಟೂರ್ಟ್, ಪೆಕಾತ್ ಎನ್ನುವವರೊಡನೆ ನಾನು ವಾದಿಸುವುದಿಲ್ಲ. ವಯೋಲಾಕ್ಕೆ ಮಾತ್ರ ಲಾಮಿ ಮತ್ತು ಸಾರ್ಟೋರಿಯ ಕಾಲವೇ ಸರಿಯಾದ ಉತ್ತರ ಕೊಟ್ಟಿತು ಎಂಬುದು ನನ್ನ ಎಣಿಕೆ. ಹತ್ತು ಗ್ರಾಂ ಹೆಚ್ಚಿದ್ದೂ ಅದು ತಿಳಿಯದಂತೆ ಹಂಚಿದ ಕಮಾನುಗಳು ಅವು.

ಕೇಳುವವರಿಲ್ಲದ ಕಮಾನು

ಹಾಗಾದರೆ ಹಳೆಯ ವಯೋಲಾ ಕಮಾನು ಏಕೆ ಇಷ್ಟು ಅಪರೂಪ? ಆರ್ಕೆಸ್ಟ್ರಾದ ಲೆಕ್ಕವೇ ಒಂದು ಕಾರಣ. ಪೂರ್ಣ ಆರ್ಕೆಸ್ಟ್ರಾದಲ್ಲಿ ಸುಮಾರು 30 ಪಿಟೀಲು, 12 ವಯೋಲಾ. ಆದರೆ ಅದಕ್ಕಿಂತ ದೊಡ್ಡ ಕಾರಣ ಉಪೇಕ್ಷೆ. 1752ರಲ್ಲಿ ಜರ್ಮನ್ ಸಂಗೀತಗಾರ ಕ್ವಾಂಟ್ಸ್, ವಯೋಲಾಕ್ಕೆ ಬೆಲೆಯೇ ಇಲ್ಲ, ಅದನ್ನು ಹೊಸಬರ ಕೈಗೋ ಸೋತವರ ಕೈಗೋ ಕೊಡುತ್ತಾರೆ ಎಂಬ ಅರ್ಥದಲ್ಲಿ ಬರೆದ. ತೊಂಬತ್ತು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಸಂಗೀತ ರಚನೆಕಾರ ಬೆರ್ಲಿಯೋಜ್ ಅದೇ ದೂರನ್ನು ಹೇಳಿದ. ಪಿಟೀಲಿನಲ್ಲಿ ನಿಲ್ಲಲಾಗದವರನ್ನು ವಯೋಲಾಕ್ಕೆ ತಳ್ಳುವುದು ನಿಲ್ಲಬೇಕು, ಅಲ್ಲಿನ ಸಂಗೀತ ಶಾಲೆಯಾದ ಕನ್ಸರ್ವೇಟರಿಯಲ್ಲಿ ಅದಕ್ಕೆ ಪ್ರತ್ಯೇಕ ತರಗತಿ ಬೇಕು ಎಂದು ಒತ್ತಾಯಿಸಿದ. ಹಾಗೆ ಕೇಳುವ ಹಕ್ಕು ಅವನಿಗಿತ್ತು. ಪಿಟೀಲು ವಾದಕ ಪಗನಿನಿ ತನ್ನ ಬಳಿ ಬಂದಿದ್ದ ಸ್ಟ್ರಾಡಿವರಿ ವಯೋಲಾಕ್ಕಾಗಿ ಕೃತಿ ಬೇಕೆಂದು ಕೇಳಿದಾಗ 1834ರಲ್ಲಿ 'ಹೆರಾಲ್ಡ್ ಇನ್ ಇಟಲಿ' ಬರೆದವನು ಅವನೇ.

ತರಗತಿ ಶುರುವಾದದ್ದು 1894ರಲ್ಲಿ. ಪ್ಯಾರಿಸ್ ಕನ್ಸರ್ವೇಟರಿಯ ಮೊದಲ ವಯೋಲಾ ಪ್ರಾಧ್ಯಾಪಕ ತೇಯೊಫಿಲ್ ಲಾಫೋರ್ಜ್. ತರಗತಿ ಬಂದ ಮೇಲೆ ಪರೀಕ್ಷೆ ಬಂತು, ಪರೀಕ್ಷೆಗೆ ಹೊಸ ಕೃತಿಗಳು ಬೇಕಾದವು. ಎನೆಸ್ಕು 1906ರಲ್ಲಿ ಬರೆದ ವಯೋಲಾ ಕೃತಿ ಹಾಗೆ ಹುಟ್ಟಿದ್ದು. ಡೆಬ್ಯುಸಿ 1915ರಲ್ಲಿ ಕೊಳಲು, ವಯೋಲಾ, ಹಾರ್ಪ್‌ಗಳಿಗೆ ಸೊನಾಟಾ ಬರೆದ. ಇಂಗ್ಲೆಂಡಿನಲ್ಲಿ ಲಯನೆಲ್ ಟರ್ಟಿಸ್ ವಯೋಲಾವನ್ನು ಸೋಲೋ ವೇದಿಕೆಗೆ ಏರಿಸಲು ಬದುಕನ್ನೇ ಸವೆಸಿದ.

ಕಮಾನು ತಯಾರಕ ಕೇಳಿದವರಿಗೆ ಮಾಡಿಕೊಡುವವನು. ಹತ್ತೊಂಬತ್ತನೇ ಶತಮಾನದ ಬಹುಕಾಲ ಒಳ್ಳೆಯ ವಯೋಲಾ ಕಮಾನು ಕೇಳುವವರೇ ಕಡಿಮೆ ಇದ್ದರು. ಇದ್ದವರು ಪಿಟೀಲಿನ ಕಮಾನಿನಲ್ಲೇ ಸುಧಾರಿಸಿಕೊಂಡರು. ಆ ಪೀಳಿಗೆಗಳು ಕೇಳದೆ ಬಿಟ್ಟದ್ದರಿಂದ ಟೂರ್ಟ್, ಪೆಕಾತ್ ಕೈಯ ವಯೋಲಾ ಕಮಾನುಗಳು ಇಂದು ಬೆರಳೆಣಿಕೆಗೆ ಸಿಗುವಂತಾಗಿವೆ. ಒಂದು ವಾದ್ಯವನ್ನು ಕೀಳಾಗಿ ಕಂಡರೆ ನಷ್ಟವಾಗುವುದು ಆ ವಾದ್ಯಕ್ಕಷ್ಟೇ ಅಲ್ಲ, ಅದರ ಸುತ್ತಲಿನ ಕಸುಬಿಗೂ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಸುಬೂ ಒಮ್ಮೆ ಅಳಿವಿನ ಅಂಚಿಗೆ ಬಂದಿತ್ತು. ಎರಡನೇ ಮಹಾಯುದ್ಧದ ನಂತರ ಮಿರ್‌ಕೂರ್‌ನ ಅಂಗಡಿಗಳು ಮುಚ್ಚುತ್ತಾ ಹೋದವು. 1970ರ ಸುಮಾರಿಗೆ ಪ್ಯಾರಿಸ್ಸಿನ ಪಿಟೀಲು ತಯಾರಕ ಎಟಿಯೆನ್ ವಾಟೆಲೊ ಮುಂದೆ ನಿಂತು ಅಲ್ಲಿ ಶಾಲೆ ತೆರೆಸಿದ. ಕಮಾನಿನ ವಿಭಾಗಕ್ಕೆ 1971ರಲ್ಲಿ ಗುರುವಾಗಿ ಬಂದವನು ಅದೇ ಊರಿನ ಉಷಾರ್ ಮನೆತನದ ಬರ್ನಾರ್ ಉಷಾರ್. 1979ರಲ್ಲಿ ಅವನು ತೀರಿಕೊಂಡ. ಆ ಕೆಲವೇ ವರ್ಷಗಳಲ್ಲಿ ಕಲಿತ ಹುಡುಗರು ಇಂದು ಜಗತ್ತಿನ ಮುಂಚೂಣಿಯ ತಯಾರಕರು. ಅವರಲ್ಲೊಬ್ಬರಾದ ಬೆನ್ವಾ ರೋಲಾಂ ಅವರಿಗೆ 2012ರಲ್ಲಿ ಅಮೆರಿಕದ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು.

ಮರದ ಸ್ಥಿತಿ ಅಷ್ಟು ಆಶಾದಾಯಕವಾಗಿಲ್ಲ. ಪರ್ನಾಂಬುಕೊ ಬೆಳೆಯುವುದು ಬ್ರೆಜಿಲ್ಲಿನ ಅಟ್ಲಾಂಟಿಕ್ ಕರಾವಳಿಯ ಕಾಡಿನಲ್ಲಿ ಮಾತ್ರ. ಆ ಕಾಡಿನ ಬಹುಭಾಗ ಕಬ್ಬಿಗೆ, ಕಾಫಿಗೆ, ನಗರಗಳಿಗೆ ಹೋಗಿದೆ. ಬ್ರೆಜಿಲ್ 1978ರಲ್ಲಿ ಅದನ್ನು ರಾಷ್ಟ್ರೀಯ ಮರವೆಂದು ಘೋಷಿಸಿತು. 2007ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಗೆ ಅದು ಸೇರಿತು. 2022ರ ಪನಾಮಾ ಸಮಾವೇಶದಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಕಮಾನಿಗೆ ಬಳಕೆಯಾಗುವುದು ಅಲ್ಪ ಮರ ಎಂಬ ತಯಾರಕರ ವಾದ ಒಪ್ಪತಕ್ಕದ್ದೇ. ಆದರೆ ಆಯ್ದು ಉಳಿದದ್ದನ್ನು ಎಸೆಯುವ ಹಳೆಯ ಪದ್ಧತಿಗೆ ಇನ್ನು ಜಾಗವಿಲ್ಲ. ತಯಾರಕರೇ ಸೇರಿ ಬ್ರೆಜಿಲ್ಲಿನಲ್ಲಿ ಸಸಿ ನೆಡಿಸುತ್ತಿದ್ದಾರೆ. ನೆಟ್ಟ ಸಸಿ ಕಮಾನಿಗೆ ಬರಲು ದಶಕಗಳು ಬೇಕು.

ಹಳೆಯ ಕಮಾನುಗಳ ತುದಿಯ ದಂತದ ಚಕ್ಕೆ ಇನ್ನೊಂದು ತೊಡಕು. 2014ರಲ್ಲಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾದ ಏಳು ಕಮಾನುಗಳನ್ನು ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ದಂತದ ಅನುಮಾನದಿಂದ ತಡೆಹಿಡಿದರು. ಅಲ್ಲಿಂದೀಚೆಗೆ ಊರೂರು ಸುತ್ತುವ ವಾದಕರು ದಂತ ತೆಗೆಸಿ ಬೆಳ್ಳಿಯನ್ನೋ ಮೂಳೆಯನ್ನೋ ಕೂರಿಸಿಕೊಳ್ಳುತ್ತಿದ್ದಾರೆ.

ನಮ್ಮ ಮನೆಗಳಲ್ಲಿರುವುದು

ದಕ್ಷಿಣ ಭಾರತಕ್ಕೆ ಪಿಟೀಲನ್ನು ಒಗ್ಗಿಸಿದ ಬಾಲುಸ್ವಾಮಿ ದೀಕ್ಷಿತರು ಹುಟ್ಟಿದ್ದು 1786ರಲ್ಲಿ, ಟೂರ್ಟ್‌ನ ಕಮಾನು ರೂಪ ತಳೆಯುತ್ತಿದ್ದ ವರ್ಷಗಳಲ್ಲೇ. ಕೂತು ನುಡಿಸುವ ಭಂಗಿಯನ್ನು, ಗಮಕದ ಎಡಗೈಯನ್ನು ನಾವು ನಮ್ಮದಾಗಿ ಕಟ್ಟಿಕೊಂಡೆವು. ಬಲಗೈಯ ಕಮಾನನ್ನು ಮಾತ್ರ ಟೂರ್ಟ್ ಕೊಟ್ಟ ಆಕಾರದಲ್ಲೇ ಉಳಿಸಿಕೊಂಡೆವು. ಗಾಯಕನ ಉಸಿರಿನಷ್ಟು ಉದ್ದದ, ಎಲ್ಲೂ ಕಡಿಯದ ಎಳೆ ನಮ್ಮ ಸಂಗೀತಕ್ಕೂ ಬೇಕಿತ್ತು. ಮೈಕ್ ಇಲ್ಲದ ಸಭೆಗಳ ಕೊನೆಯ ಸಾಲಿಗೂ ಕೇಳಬೇಕೆಂದು ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ರೂಪಿಸಿದಾಗ ಅವರ ಕೈಯಲ್ಲಿದ್ದದ್ದೂ ಇದೇ ಬಗೆಯ ಕಮಾನು. ವಯೋಲಾ ನಮ್ಮಲ್ಲಿ ಹೆಚ್ಚು ಹಬ್ಬಲಿಲ್ಲ. ಎಂ. ಬಾಲಮುರಳೀಕೃಷ್ಣ ಅದನ್ನು ನುಡಿಸಿ ಧ್ವನಿಮುದ್ರಿಸಿದ್ದಾರೆ. ಮಂದ್ರದ ರಾಗಗಳಿಗೆ ಅದು ಹೇಗೆ ಒಗ್ಗುತ್ತದೆಂದು ತಿಳಿಯಲು ಆ ಧ್ವನಿಮುದ್ರಣಗಳನ್ನು ಕೇಳಬೇಕು.

ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಪಿಟೀಲಿನ ಪೆಟ್ಟಿಗೆಗಳಿವೆ. ಪಿಟೀಲನ್ನು ಜೋಪಾನ ಮಾಡುತ್ತಾರೆ, ಕೂದಲು ಉದುರಿದ ಕಮಾನನ್ನು ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಕೂದಲು ಹೊಸದಾಗಿ ಹಾಕಿಸಬಹುದು, ಕಡ್ಡಿಯನ್ನು ಹಾಗೆ ಹಾಕಿಸಲಾಗದು. ಫ್ರಾಗ್‌ನ ಮೇಲುಗಡೆ ಕಡ್ಡಿಯ ಪಕ್ಕದಲ್ಲಿ ಮಾಸಿದ ಮುದ್ರೆ ಇದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುದ್ರೆ ಇದ್ದ ಮಾತ್ರಕ್ಕೆ ಅದು ಅಸಲಿಯಲ್ಲ, ಖೋಟಾ ಮುದ್ರೆಗಳು ಸಾಕಷ್ಟಿವೆ. ಇಲ್ಲದ ಮಾತ್ರಕ್ಕೆ ಕಮಾನು ಕೆಟ್ಟದ್ದೂ ಅಲ್ಲ. ಹೊಳಪು ಬರಲೆಂದು ಕಡ್ಡಿಗೆ ಮರಳು ಕಾಗದ ತಿಕ್ಕಿಸಬೇಡಿ. ನುಡಿಸಿದ ಮೇಲೆ ತಿರುಪು ಸಡಿಲಿಸಿ ಇಡಿ. ಬಿಗಿಯಾಗಿಯೇ ಬಿಟ್ಟ ಕಮಾನು ನಮ್ಮ ಮಳೆಗಾಲದ ತೇವ, ಬೇಸಿಗೆಯ ಒಣಗಾಳಿಗೆ ಸಿಕ್ಕಿ ಬಾಗು ಕಳೆದುಕೊಳ್ಳುತ್ತದೆ. ತಲೆ ಒಮ್ಮೆ ಮುರಿದರೆ ಎಷ್ಟು ಚೆನ್ನಾಗಿ ಅಂಟಿಸಿದರೂ ಬೆಲೆಯ ಬಹುಪಾಲು ಹೋದಂತೆಯೇ. ಪರಿಣತರ ಕಣ್ಣಿಗೆ ಬೀಳುವವರೆಗೆ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲೇ ಇಟ್ಟಿರಿ.